ಕಸುಬು: ಒಂದೇ ಪದದಲ್ಲಿ

ಗ್ರಿಮ್ಸ್‌ಬಿಯ ಈ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ
ಕಾರಿನ ವಿಮೆ ಬರೆದಿದ್ದೇನೆ.
ಕಿಟಕಿ ತೆರೆದರೆ ಮೀನಿನ ವಾಸನೆ,
ಮುಚ್ಚಿದರೆ ಹಳೆಯ ಕಾರ್ಪೆಟ್ಟಿನದು.
ಹೆಸರು, ವಯಸ್ಸು, ರಾತ್ರಿ ಕಾರು ಮಲಗುವ ಜಾಗ,
ಆಮೇಲೆ ಕಸುಬು.
ಒಂದೇ ಪದದಲ್ಲಿ ಹೇಳಿ, ಎನ್ನುತ್ತೇನೆ.
ಜನ ತಡವರಿಸುವುದು ಅಲ್ಲೇ.
ವಯಸ್ಸು ಮುಚ್ಚಿಡುವವರೂ ಇಷ್ಟು ತಡವರಿಸುವುದಿಲ್ಲ.

ಯಂತ್ರದ ಹೊಟ್ಟೆಯಲ್ಲಿ ಒಂಬೈನೂರು ಕಸುಬುಗಳ ಪಟ್ಟಿ,
ಒಂದೊಂದಕ್ಕೂ ಒಂದೊಂದು ಬೆಲೆ.
ಅಡುಗೆಯವನಿಗಿಂತ ಅಡುಗೆಮನೆಯ ಮೇಲ್ವಿಚಾರಕ
ಒಂಬತ್ತು ಪೌಂಡು ಅಗ್ಗ.
ಸೌಟು ಅದೇ, ಕಾರೂ ಅದೇ.
ಯಾಕೆಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಆದರೂ ಕಸುಬು ಕಾಲಿಗಿಳಿಯುತ್ತದೆ, ನೋಡಿದ್ದೇನೆ.
ಪಿಜ್ಜಾ ಹಂಚುವ ಡೆಕ್ಲನ್ ರಜೆಯ ದಿನವೂ
ಹಿಂದಿನ ಸೀಟಿನಲ್ಲಿ ಏನೋ ಆರಿಹೋಗುತ್ತಿದೆ
ಎಂಬಂತೆ ಓಡಿಸುತ್ತಾನೆ.
ಮೀನಿನ ಹರಾಜು ಕೂಗುವ ಬ್ಯಾರಿ ವುಡಾಲ್
ಸಿಗ್ನಲ್ಲಿನಲ್ಲಿ ಹಾರನ್ನಿನಿಂದಲೇ ಬೆಲೆ ಏರಿಸುತ್ತಾನೆ.
ಡ್ರೈವಿಂಗ್ ಕಲಿಸುವ ಮಿಸೆಸ್ ಪಾಸ್ಕಿಟ್ಟಳ ಕಡತವೇ ಎಲ್ಲಕ್ಕಿಂತ ದಪ್ಪ,
ಅಷ್ಟೂ ಬೇರೆಯವರ ತಪ್ಪು.

ಡಾಕ್ಟರ್ ಇಮೋಜೆನ್ ಸ್ಟ್ರಾಸನ್,
ನನ್ನ ತಂಗಿಯ ಹೊಟ್ಟೆ ಕೊಯ್ದು ಕೂದಲೆಳೆ ತಪ್ಪದೆ ಹೊಲಿದವಳು,
ತನ್ನದೇ ಗೇಟಿನ ಕಂಬಕ್ಕೆ ನಾಲ್ಕು ಸಲ ಗುದ್ದಿದ್ದಾಳೆ.
ನಾಲ್ಕೂ ಬೆಳಗಿನ ಏಳರ ಸುಮಾರಿಗೆ.
ಹದಿನಾಲ್ಕು ತಾಸು ನಿಂತು ಬಂದ ಕಣ್ಣು
ಮನೆ ಕಂಡೊಡನೆ ತಾನಾಗಿ ಕೆಲಸ ಮುಗಿಸಿಬಿಡುತ್ತದೆ.
ವೈದ್ಯರು ದುಬಾರಿ, ಎಂದು ಬರೆದುಕೊಂಡಿತು ಯಂತ್ರ.
ನಿದ್ದೆಗೆ ನಮ್ಮಲ್ಲಿ ಕಾಲಂ ಇಲ್ಲ.

ಸಿರಿಲ್ ಕಾಥಾರ್ಪ್. ಶವವಾಹನದ ಚಾಲಕ.
ಮೂವತ್ತೊಂದು ವರ್ಷ, ಒಂದು ಗೀರೂ ಇಲ್ಲ.
ಹೊಸದಾಗಿ ಸೇರಿದವರಿಗೆ ನಾವು ತೋರಿಸುತ್ತಿದ್ದ ಕಡತ ಅವನದು.
ಒಮ್ಮೆ ಗುಟ್ಟೇನೆಂದು ಕೇಳಿದೆ.
'ಹಿಂದೆ ಇರುವವರು ದೂರು ಹೇಳಲಾರರು, ಮೇಡಂ. ಅದಕ್ಕೇ,' ಎಂದ.
ಅವನು ಬಂದನೆಂದರೆ ಊರೇ ಪಕ್ಕಕ್ಕೆ ಸರಿಯುತ್ತಿತ್ತು,
ಲಾರಿಯವರೂ ಟೋಪಿ ತೆಗೆಯುತ್ತಿದ್ದರು.
ರಸ್ತೆ ಇರುವುದೇ ಹಾಗೆಂದು ನಂಬಿದ್ದನೋ ಏನೋ.

ಫೆಬ್ರವರಿಯಲ್ಲಿ ಅವನ ಹೆಸರಿನ ಮೊದಲ ಅರ್ಜಿ ಬಂತು.
ಸ್ಥಳ: ಸ್ಮಶಾನಕ್ಕೆ ಹೋಗುವ ವೃತ್ತ.
ವೇಗ: ಗಂಟೆಗೆ ಎಂಟು ಮೈಲಿ.
ಗುದ್ದಿಸಿಕೊಂಡ ವಾಹನ: ಶವವಾಹನ.
ಅದರೊಳಗೆ ಅವನ ಹೆಂಡತಿ ನೋರೀನ್.
ಓಡಿಸುತ್ತಿದ್ದವನು ಅವನೇ ಪಳಗಿಸಿದ ಹುಡುಗ,
ಕಲಿಸಿಕೊಟ್ಟಂತೆಯೇ ವೃತ್ತದ ಅಂಚಿನಲ್ಲಿ ಮೆಲ್ಲಗೆ ನಿಂತಿದ್ದಾನೆ.
ಹಿಂದೆ ತನ್ನ ಸ್ವಂತ ಕಾರಿನಲ್ಲಿದ್ದ ಸಿರಿಲ್ ನಿಲ್ಲಲಿಲ್ಲ.
ಅಷ್ಟು ವರ್ಷ ಮುಂದೆಯೇ ಇದ್ದವನು;
ಹಿಂಬಾಲಿಸಿ ಗೊತ್ತಿರಲಿಲ್ಲ.

ಘಟನೆಯನ್ನು ವಿವರಿಸಿ, ಎಂಬಲ್ಲಿ ನೀಲಿ ಶಾಯಿಯ ಒಂದೇ ಸಾಲು:
'ಹುಡುಗನ ತಪ್ಪಿಲ್ಲ. ಚೆನ್ನಾಗಿಯೇ ನಿಲ್ಲಿಸಿದ.'

ಮುಂದಿನ ವಾರ ಅವನೇ ಬಂದ, ಕೆಲಸ ಬಿಟ್ಟೆನೆಂದ.
ಕಸುಬು? ಎಂದೆ.
ತಡವರಿಸಿದ, ಎಲ್ಲರಂತೆ.
ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸಿದೆ:
ಗಡಿಯಾರ ರಿಪೇರಿ, ಗರಗಸ, ಗಾಜು, ಗಾರೆ.
ಅವನು ಈಗ ದಿನವಿಡೀ ಮಾಡುವ ಕೆಲಸಕ್ಕೆ
ಅಲ್ಲಿ ಹೆಸರಿರಲಿಲ್ಲ.
'ನಿವೃತ್ತ' ಒತ್ತಿದೆ. ಹದಿನೇಳು ಪೌಂಡು ಏರಿತು.

ಚಿಲ್ಲರೆ ಎಣಿಸಿಟ್ಟು, ಹೊರಡದೆ, ಕೇಳಿದ:
'ಪೆಟ್ಟಿಗೆ ಕದಲಿತೆಂದು ಹುಡುಗ ಬರೆದಿದ್ದಾನೆಯೇ?'
ಬರೆದಿದ್ದ. ಕಾಗದ ನನ್ನ ಮೊಣಕೈ ಕೆಳಗೇ ಇತ್ತು.
ಇಲ್ಲ, ಎಂದೆ.

ಕಿಟಕಿಯಿಂದ ನೋಡಿದೆ.
ಕಾರು ತಿರುವಿನ ತನಕ ಹೋಗಿ ನಿಂತಿತು.
ಎಡಕ್ಕೂ ಬಲಕ್ಕೂ ರಸ್ತೆ ಖಾಲಿ.
ದೀಪ ಮಿನುಗುತ್ತಿತ್ತು, ಬಲಕ್ಕೆ, ಬಲಕ್ಕೆ, ಬಲಕ್ಕೆ.
ಹಿಂದೆ ಬಂದ ಹಾಲಿನ ವ್ಯಾನಿನವನು
ಹಾರನ್ ಹೊಡೆದ.