ಹನ್ನೊಂದು ದಿನದ ಹಾಜರಿ

ಅಟ್ಟದಾಗ ಇನ್ನೂ ಐತಿ ಆ ಪುಸ್ತಕ,
ಗೆದ್ದಲು ತಿಂದು ಬಿಟ್ಟಷ್ಟು.
ಮೂರನೇ ಗಡಿ ತುಕಡಿ, ಅಗರಖೇಡ, ಭೀಮಾ ದಂಡಿ.
ಮಂದಿ: ಇಪ್ಪತ್ತೇಳು. ಬಂದೂಕು: ಹದಿನಾಕು.
ಸಿಡಿಯೂವು: ಒಂಬತ್ತು.
ಬರದಾವ ನಾನ, ಕಾರಕೂನ ಇರಸಂಗಪ್ಪ.
ಅಕ್ಷರ ದುಂಡಗ ಅದಾವಂತ
ಬಂದೂಕು ಕಸಗೊಂಡು ದವತಿ ಕೊಟ್ಟಿದ್ರು.

ಐದು ಹೊಳಿ ಗಣರಾಜ್ಯ ಅಂತಿದ್ವಿ ಅದಕ್ಕ.
ದೊರಿ ಇಲ್ಲ, ದೇಸಾಯಿ ಇಲ್ಲ.
ವಿಜಯಪುರದಾಗ ಬಾರಾ ಕಮಾನಿನ ಕೆಳಗ ಸಭಾ,
ಮ್ಯಾಲ ಸೂರಿಲ್ಲ; ಮಳಿ ಹನಿದ್ರ
ಕಾಯ್ದೆ ಅರ್ಧಕ್ಕ ಬಿಟ್ಟು ಓಡ್ತಿದ್ರು ಸದಸ್ಯರು.
ಹಂಗ ಅರ್ಧಕ್ಕ ನಿಂತ ಒಂದು ಕಾಯ್ದೇದಾಗ
ನಮ್ಮ ಪಗಾರ ಇತ್ತು.

ನಿಶಾನಿ ಇತ್ತು. ಬಿಳೀ ಅರಿವಿ ಮ್ಯಾಲ
ಹೊಳಿಗೊಂದು ನೀಲಿ ಗೆರಿ.
ಇಳಕಲ್ಲದ ನೇಕಾರಗ ನೀಲಿ ನೂಲು ತೀರಿ
ನಮ್ಮ ಪಾಲಿಗೆ ಬಂದದ್ದು ನಾಕ ಗೆರಿ.
ಯಾವ ಹೊಳಿ ಬಿಟ್ಟಾನ? ಒಂದಿಡೀ ರಾತ್ರಿ ವಾದ.
ಡೋಣಿ ಇರಬೇಕು, ಆ ಸವಳ ನೀರು ಯಾರಿಗೆ ಬೇಕು,
ಅಂದ ಸೊಲಬಣ್ಣ.
ಡೋಣಿ ಹರಿದ್ರ ಓಣೆಲ್ಲಾ ಜೋಳ ಅಂತ ಉಂಡು ಬೆಳದ ಗುರುಪಾದ
ಅವನ ಅಂಗಿ ಹಿಡದ.
ಕಾಶಿಂಬಿ, ತುಕಡ್ಯಾಗ ಗುರಿ ತಪ್ಪದಾಕಿ ಒಬ್ಬಾಕಿ,
ನಳಗಿ ಒರಸ್ಕೋತ ಅಂದಳು:
"ಭೀಮಾನ್ನ ಬಿಟ್ಟಾನ. ಅರ್ಧ ಅವರದಲ್ಲೇನು?"

ಅವರು ಅಂದ್ರ ಆಚಿ ದಂಡ್ಯಾಗಿನ ಕಂಪನಿ ಸರಕಾರದ ಸಿಪಾಯಿಗೋಳು.
ಅವರ ಒಲಿ ಹೊಗಿ ನಮಗ,
ನಮ್ಮ ರೊಟ್ಟಿ ಬಡಿಯೂ ಸಪ್ಪಳ ಅವರಿಗೆ.
ಗಡಿ ಎಲ್ಲೈತಿ ಅನ್ನೂದು ಬ್ಯಾಸಗ್ಯಾಗ
ಎಮ್ಮಿಗೋಳಿಗಷ್ಟ ಗೊತ್ತಿತ್ತು;
ನೀರಿನ ನಡಕ ನಿಂತು
ಎರಡೂ ಕಡೆ ನೋಡಿ ಉಚ್ಚಿ ಹೊಯ್ತಿದ್ದವು.

ಸೀಗಿ ಹುಣ್ಣಿವಿ ಕಳದ ನಾಕನೇ ರಾತ್ರಿ
ಸ್ವಾರಿಬುರುಡಿ ಹೊಟ್ಟಿಗೆ ಕಟಗೊಂಡು ಒಬ್ಬ ಈಸಿ ಬಂದ.
ಹೆಸರು ಬಿಭೀಷಣ ಅಂದ.
ನಕ್ವಿ. ಆಚಿ ದಂಡಿ ಬಿಟ್ಟು ಬಂದಾವನ ಹೆಸರು
ಮತ್ತೇನಿರತೈತಿ!
"ನಿಮ್ಮ ರಾಜ್ಯ ಮುಗದೈತ್ರಿ," ಅಂದ, ಹಲ್ಲು ಕಟಕಟ,
"ಸಭಾದವರು ಸಹಿ ಹಾಕಿ ಐದ ದಿನಾತು.
ನಮ್ಮ ಕಡೆ ಸಕ್ಕರಿ ಹಂಚ್ಯಾರ."

ದಫೇದಾರ ಅಮೋಘಸಿದ್ದ ಅವನ್ನ ಬೇವಿನ ಗಿಡಕ್ಕ ಕಟ್ಟಿಸಿದ.
ನಾ ಬರದೆ: ಗೂಢಚಾರ, ಒಬ್ಬ.
ಊಟ: ರೊಟ್ಟಿ ಎರಡು, ಖಾರ.
ಅಂವ ದಿನಾ ಅದನ್ನ ಹೇಳ್ದ.
ನಾವು ದಿನಾ ನಿಶಾನಿ ಏರಿಸಿದ್ವಿ.

ಎಂಟನೇ ದಿನ ಒಂದು ಹರಗೋಲು ಬಂತು.
ದಿನಾ ತುಂಬಿದ ಬಸರಿ, ಈಚಿ ದಂಡ್ಯಾಗ ತವರು.
ಪರವಾನಿಗಿ ಇರಲಿಲ್ಲ.
ಗಿಡಕ್ಕ ಬಿಗಿದಾವ ಒದರಿದ:
"ಬಿಡ್ರ್ಯೋ, ಗಡೀನ ಇಲ್ಲ!"
ಕಾಶಿಂಬಿ ಬಂದೂಕು ನೆಲಕ್ಕಿಟ್ಟು
ಜಾಲಿ ಮರಿಗೆ ಹೋಗಿ ಕುಂತಳು.
ಹರಗೋಲು ನೀರಾಗ ಒಂದು ಸುತ್ತು ತಿರುಗಿ
ಬಂದ ಕಡೆ ಹೋತು.

ಹನ್ನೊಂದನೇ ದಿನ ಇಂಡಿಯಿಂದ ಸವಾರ.
"ಪಟ್ಟ್ಯಾಗ ನಿಮ್ಮ ತುಕಡಿ ಇರಲಿಲ್ಲ," ಅಂದ,
"ಹಾದ್ಯಾಗ ನಿಶಾನಿ ಕಂಡು ಬಂದೆ."
ಅಮೋಘಸಿದ್ದ ಕಾಗದ ತಲಿಕೆಳಗ ಹಿಡಕೊಂಡು
ಬಾಳೊತ್ತು ನೋಡಿದ. ಅಂವಗ ಓದು ಬರತಿರಲಿಲ್ಲ.
ನಾ ತಿರುವಿ ಹಿಡೀಲಿಲ್ಲ.

ಬಿಭೀಷಣ ಮುಂಗೈ ತಿಕ್ಕಿಕೊಂಡ. ಬೈತಾನ ಅನ್ಕೊಂಡಿದ್ವಿ.
"ನಿಂಬಿಕಾಯಿ ಇದ್ರ ಕೊಡ್ರಿ, ಮನ್ಯಾಗ ಕೇಳ್ಯಾರ," ಅಂದ.
ಧೋತರದ ಮಡಲು ತುಂಬ ಕೊಟ್ವಿ.
ಬುರುಡಿ ಕಟಗೊಂಡು ಇಳದ;
ಎರಡು ಕಾಯಿ ತೇಲಿ ನಮ್ಮ ದಂಡಿಗೆ ವಾಪಸ್ ಬಂದವು.

ಈಗ ಕನ್ನಡಕ ಏರಿಸಿ ಎಣಸ್ತೀನಿ.
ಮೂರು ವರ್ಷದಾಗ ಒಂದ ದಿನಾನೂ
ಇಪ್ಪತ್ತೇಳು ಮಂದಿ ಒಟ್ಟಿಗೆ ಹಾಜರ್ ಇಲ್ಲ:
ಒಬ್ಬಗ ಜ್ವರ, ಒಬ್ಬನ ಹೊಲಕ್ಕ ನೀರಿನ ಪಾಳಿ,
ಒಬ್ಬ ಅತ್ತಿಮನಿ.
ರಾಜ್ಯ ಇಲ್ಲದ ಆ ಹನ್ನೊಂದು ದಿನ
ಎಲ್ಲಾರೂ ಹಾಜರ್, ಹಾಜರ್, ಹಾಜರ್.
ಗೆದ್ದಲು ಬಾಳಷ್ಟು ತಿಂದೈತಿ. ಒಂದು ಸಾಲು ಮುಟ್ಟಿಲ್ಲ:
ಹರಗೋಲು, ಒಂದು. ವಾಪಸ್.

ಆಕಿ ಹೆಸರು ಕೇಳಬೇಕಾಗಿತ್ತು.
ಹೆಸರಿಗೊಂದು ಖಾನೆ ಇತ್ತು.