ಹನ್ನೊಂದು ಐವತ್ತೊಂಬತ್ತು

ಅಲ್ಲಿಯ ರಾತ್ರಿ ಹನ್ನೊಂದು ಐವತ್ತೊಂಬತ್ತು ಅಂದರೆ
ವಾಸ್ಕೋದಲ್ಲಿ ಮರುಬೆಳಿಗ್ಗೆ ಒಂಬತ್ತು ಇಪ್ಪತ್ತೊಂಬತ್ತು.
ಮಾಮಲೇದಾರ ಕಚೇರಿ ತೆರೆಯುವುದು ಒಂಬತ್ತೂವರೆಗೆ.
ಅಷ್ಟರೊಳಗೆ ನಾನು
ಅಮೆರಿಕದ ಸರಕಾರವನ್ನು ಮುಗಿಸಬೇಕು.

ಕಚೇರಿ ಗೋಡೆಗೊರಗಿ ನನ್ನ ಮೇಜು,
ಲ್ಯಾಪ್‌ಟಾಪು, ಪ್ರಿಂಟರು, ಬಿಸಿಲಿಗೊಂದು ಕೊಡೆ.
ಅಫಿಡವಿಟ್ಟು ಪುಟಕ್ಕೆ ಮೂವತ್ತು.
ಹದಿನೈದು ವರ್ಷ ಇಲ್ಲೇ ಇದ್ದೇನೆ ಎಂಬುದಕ್ಕೆ ಹತ್ತು ಹೆಚ್ಚು,
ಇದ್ದದ್ದರ ಪುರಾವೆ ಬಲು ಉದ್ದ.

ಪಾಠ ಕೇಳುವುದು ರಾತ್ರಿ, ಮಾಂಗೋರ್ ಹಿಲ್ಲಿನ ಕೋಣೆಯಲ್ಲಿ,
ಯಜಮಾನರು ಬಂದರಿನ ಪಾಳಿಗೆ ಹೋದ ಮೇಲೆ,
ಒಂದು ಕಿವಿ ಇಯರ್‌ಫೋನಿಗೆ, ಇನ್ನೊಂದು ನಲ್ಲಿಗೆ.
ಪ್ರೊಫೆಸರ್ ಡೋರೀನ್ ಹಾಲಕ್. ಒಹಾಯೊ.
ಆಕೆಯ ಕಿಟಕಿಯಾಚೆ ಹಿಮ, ಆರು ವಾರವಾದರೂ ಕರಗದ್ದು.
ಮೂರನೆಯ ಪಾಠದಲ್ಲಿ ಸೀನಿದರು.
ತಡೆಯಲಾಗದೆ 'ನೂರು ವರ್ಷ' ಅಂದೆ.
ಮತ್ತೆ ಹಾಕಿದಾಗ ಮತ್ತೆ ಸೀನಿದರು, ಮತ್ತೆ ಅಂದೆ.
ಪರೀಕ್ಷೆಯ ಹೊತ್ತಿಗೆ ಆಕೆಗೆ ನಾನೂರು ವರ್ಷದ ಆಯಸ್ಸು,
ಅವರ ದೇಶಕ್ಕಿಂತ ಹೆಚ್ಚು.

ನಿನಗ್ಯಾಕೆ ಇದು, ಕೇಳಿದ ಸ್ಟಾಂಪು ಮಾರುವ ಎವಾರಿಸ್ತು.
ಫೀಸು ಮನ್ನಾ ಇತ್ತು ಅಂದೆ. ಅರ್ಧ ನಿಜ.
ಇಪ್ಪತ್ತೆರಡು ವರ್ಷ ಸರಕಾರದ ಹೊಸ್ತಿಲಲ್ಲಿ ಕೂತರೂ
ಸರಕಾರ ಅಂದರೇನೆಂದು ಯಾರೂ ಕೂಡಿಸಿಕೊಂಡು ಹೇಳಿರಲಿಲ್ಲ.
ದೂರದ್ದಾದರೂ ಸರಿ, ಒಂದನ್ನು ಬಿಚ್ಚಿ ನೋಡೋಣ,
ಹೊಲಿಗೆ ಮಿಷನ್ನು ಬಿಚ್ಚಿ ನೋಡಿದ ಹಾಗೆ.

ಎಷ್ಟೇ ಸಣ್ಣ ರಾಜ್ಯಕ್ಕೂ ಸೆನೆಟ್ಟಿನಲ್ಲಿ ಎರಡು ಕುರ್ಚಿಯಂತೆ.
'ನಮಗೆ ರಾಜ್ಯಸಭೆಯಲ್ಲಿ ಒಂದೇ,' ಅಂದ ಎವಾರಿಸ್ತು,
ಉಳಿದ ಹಲ್ಲಿನ ಲೆಕ್ಕ ಹೇಳುವವನ ಹಾಗೆ.

ಮೂರನೆಯ ತಿದ್ದುಪಡಿ: ಶಾಂತಿಕಾಲದಲ್ಲಿ
ಒಡೆಯರ ಒಪ್ಪಿಗೆಯಿಲ್ಲದೆ ಯಾರ ಮನೆಯಲ್ಲೂ
ಸಿಪಾಯಿಯನ್ನು ಇಳಿಸುವಂತಿಲ್ಲ.
ಇದರ ಗೊಡವೆಗೆ ಯಾರೂ ಹೋಗುವುದಿಲ್ಲ ಎಂದು ನಕ್ಕರು ಪ್ರೊಫೆಸರ್.
ನನಗೆ ನಗು ಬರಲಿಲ್ಲ.
ಅದನ್ನು ಮನೆ ಎಂದು ಒಪ್ಪಿಕೊಂಡ ಮೇಲಲ್ಲವೆ ಆ ಮಾತು.

ಒಂಬತ್ತನೆಯ ವಾರ ಫಿಲಿಬಸ್ಟರ್.
ಎದ್ದು ನಿಂತವರು ಮಾತು ನಿಲ್ಲಿಸುವ ತನಕ
ಮಸೂದೆ ಮುಂದೆ ಸರಿಯುವುದಿಲ್ಲ.
'ನಿಮ್ಮ ಊರಿನದೊಂದು ಉದಾಹರಣೆ ಕೊಡಿ, ಇನ್ನೂರು ಪದ.'

ಬರೆದೆ: ಬೈನಾ ಕಡಲಬದಿ, ಜೆಸಿಬಿ ಬಂದ ದಿನ.
ದೊಡ್ಡಮ್ಮ ದುಂಡವ್ವ ಹೊಸ್ತಿಲ ಮೇಲೆ ಕೂತು ಶುರುಮಾಡಿದಳು:
'ಈ ನಾಕು ತಗಡು ನನ್ನ ಬೆಂಡೋಲಿ ಮಾರಿ ತಂದದ್ದು.
ಈ ಕಂಬ ಹಡಗುಕಟ್ಟೆದು. ಹೊತ್ತು ತಂದಾವ ಸತ್ತ.
ಅವನ ಹೆಸರು ಯಮನೂರಿ. ಯಮನೂರಿ ತಮ್ಮ ಕರಿಯಪ್ಪ,
ಅವನ ಹೇಣ್ತಿ ಸಂಕವ್ವ ಈ ಮೂಲ್ಯಾಗ ಹಡದ್ಲು...'
ಇಟ್ಟಿಗೆ ಇಟ್ಟಿಗೆಗೆ ಒಂದು ಹೆಸರು.
ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. ಡ್ರೈವರು,
ಅವನೂ ನಮ್ಮ ಮುದ್ದೇಬಿಹಾಳದ ಕಡೆಯವನೇ,
ಎಂಜಿನ್ ಆರಿಸಿ ಡಬ್ಬಿ ಬಿಚ್ಚಿದ.
ಐದಕ್ಕೆ ಸರಕಾರ ಮನೆಗೆ ಹೋಯಿತು.
ದುಂಡವ್ವ ನೀರು ಕುಡಿದಳು.

ಮರುದಿನ ಎಂಟಕ್ಕೇ ಬಂದರು. ಆಕೆಯ ಗಂಟಲು ಕಟ್ಟಿತ್ತು.

ಹತ್ತಕ್ಕೆ ಏಳು ಅಂಕ. 'ಮನ ಮುಟ್ಟುತ್ತದೆ,
ಆದರೆ ಇದು ಶಾಸನಸಭೆಯಲ್ಲ' ಎಂದು ಕೆಳಗೊಂದು ಷರಾ.
ಸರಿಯೇ. ನಾನೂ ದಿನಾ ಹೊಡೆದುಹಾಕುತ್ತೇನಲ್ಲ,
ಜನ ಅತ್ತು ಹೇಳಿದ್ದನ್ನು, ಕಾಲಮ್ಮಿಗೆ ಕೂಡುವುದಿಲ್ಲ ಎಂದು.

ಇವತ್ತು ಕೊನೆಯ ಉತ್ತರ, ಹದಿನಾಲ್ಕನೆಯ ತಿದ್ದುಪಡಿ:
ಇಲ್ಲಿ ಹುಟ್ಟಿದವರು ಇಲ್ಲಿಯವರು.
ಮೇಜಿನೆದುರು ಒಬ್ಬ ಹುಡುಗ, ಎದೆಗವಚಿದ ಕರೆಂಟು ಬಿಲ್ಲುಗಳ ಕಟ್ಟು.
ಹುಟ್ಟಿದ್ದೆಲ್ಲಿ? ಚಿಕಾಳೆ ಆಸ್ಪತ್ರೆ.
ಎಲ್ಲಿಯವರು?
ಚಪ್ಪಲಿ ನೋಡಿಕೊಂಡ.

ಒಂಬತ್ತು ಇಪ್ಪತ್ತೆಂಟು. ಒಂದು ನಿಮಿಷ ತಾಳಪ್ಪಾ,
ಒಂದು ದೇಶ ಕಳಿಸುವುದಿದೆ.
ಒತ್ತಿದೆ. ತೆರೆಯ ಮೇಲೆ ಚಕ್ರ ಸುತ್ತುತ್ತಿದೆ, ಸುತ್ತುತ್ತಲೇ ಇದೆ.
ಒಳಗೆ ಅಗುಳಿ ಸರಿದ ಸದ್ದು.

ನಿನ್ನ ಹೆಸರು ಹೇಳು, ಅಂದೆ ಹುಡುಗನಿಗೆ.
ಅಪ್ಪನ ಹೆಸರು. ಅವರಪ್ಪನದು.
ಅವಸರ ಬೇಡ.