ಟೈಟು

ನಮ್ಮ ಮನೆಗೆ ಮೊದಲು ಬಂದ ಇಂಗ್ಲಿಷ್ ಪದ
ಎ ಫಾರ್ ಆ್ಯಪಲ್ ಅಲ್ಲ.
ಟೈಟು.

ಅಪ್ಪ ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ಮೆಕ್ಯಾನಿಕ್,
ಹದಿನೇಳರ ಸ್ಪ್ಯಾನರು ಕಿಸೆಯಲ್ಲಿಟ್ಟುಕೊಂಡೇ ಊಟಕ್ಕೆ ಕೂರುವವನು.
ನಟ್ಟು ಕೂತಿದೆಯೋ ಇಲ್ಲವೋ
ಕಿವಿಯಿಟ್ಟು ಕೇಳಿ,
ಇನ್ನೂ ಕಾಲು ಸುತ್ತು ತಿರುಗಿಸಿ,
ಈಗ ಟೈಟು,
ಇನ್ನು ಲಕ್ಷದ್ವೀಪಕ್ಕೆ ಹೋಗಿ ಬಾ, ಎನ್ನುತ್ತಿದ್ದ
ಬೋಟಿಗೆ, ಬೋಟಿನವನಿಗಲ್ಲ.

ಅಮ್ಮ ಕಲ್ಮಾಡಿಯ ತಿರುವಿನಲ್ಲಿ ಟೈಲರು.
ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಕೇಳುವಳು:
ಕಂಕುಳಲ್ಲಿ ಟೈಟಾ?
ಮದುಮಗಳು ಉಸಿರು ಹಿಡಿದು ಇಲ್ಲವೆಂದರೆ
ಹಾಗಲ್ಲ ಮಗಾ, ಉಸಿರು ಬಿಡು,
ಬಿಟ್ಟ ಮೇಲೆ ಹೇಳು.

ಬೋಟುಗಳು ದಡ ಹತ್ತಿ ಕೂರುವ ಎರಡು ತಿಂಗಳು
ಅದೇ ಪದ ಅಕ್ಕಿ ಡಬ್ಬಿಯ ತಳದಲ್ಲಿ ಸಿಗುತ್ತಿತ್ತು.
ಈ ಸಲ ಸ್ವಲ್ಪ ಟೈಟು ಮಾರಾಯ್ರೆ,
ಸೊಸೈಟಿ ಕಂತು ಅಷ್ಟಮಿ ಕಳೆದು ಕೊಡುತ್ತೇನೆ.

ಶನಿವಾರದ್ದು ಬೇರೆ.
ಬೇಲಿಯಾಚೆಯಿಂದ ಅಪ್ಪಿಯಕ್ಕ ಇಣುಕಿ
ವಾಮನಣ್ಣ ಇವತ್ತು ಟೈಟು ಎಂದರೆ
ಅದರಲ್ಲಿ ಬಿಗಿಯಾದದ್ದು ಏನೂ ಇರುತ್ತಿರಲಿಲ್ಲ.
ಲುಂಗಿ ಸಡಿಲ, ನಾಲಗೆ ಸಡಿಲ,
ಮೊಣಕಾಲಿನ ಬೋಲ್ಟುಗಳೆಲ್ಲ ಸಡಿಲ.
ಊರಿನ ಇಂಜಿನ್ ಬಿಗಿಯುವ ಕೈ
ತನ್ನ ಗೇಟಿನ ಚಿಲಕ ಹುಡುಕಿ ತಡಕಾಡುವಾಗ
ಇಷ್ಟು ಕಳಚಿಹೋದವನನ್ನು ಟೈಟೆಂದು ಕರೆದದ್ದು
ಯಾವ ದೊರೆ, ಯಾವ ಬಂಗಲೆಯ ಜಗಲಿಯಲ್ಲಿ,
ಅವನ ಮಗಳೂ ಗೇಟಿನ ಈಚೆ ನಿಂತಿದ್ದಳೇ?

ಏಳನೇ ಕ್ಲಾಸಿನಲ್ಲಿ ಸಿಂತಿಯಾ ಟೀಚರು
ಪದ ಕೊಟ್ಟು ವಾಕ್ಯ ಮಾಡಿ ಎಂದರು.
ಮುಚ್ಚಳ ಟೈಟು, ಶೂ ಟೈಟು, ಸೆಕ್ಯುರಿಟಿ ಟೈಟು.
ನಾನೆದ್ದು, ಮೈ ಫಾದರ್ ಈಸ್ ಟೈಟ್ ಆನ್ ಸ್ಯಾಟರ್ಡೇ.
ಕ್ಲಾಸು ಮೇಜು ಬಡಿದು ನಕ್ಕಿತು.
ಟೀಚರು ನಗಲಿಲ್ಲ.
ವಾರವಾರವೂ ಹೌದಾದರೆ
ಕೊನೆಗೊಂದು ಎಸ್ ಬೇಕು, ಎಂದರು ಮೆಲ್ಲಗೆ.

ಆಮೇಲೆ ಒಂದು ಮಂಗಳವಾರ,
ಬೆಳಿಗ್ಗೆ ಹತ್ತೂವರೆ, ಐಸ್ ಪ್ಲಾಂಟಿನ ಎದುರು,
ಅಪ್ಪ ಹಗ್ಗದ ಸುರುಳಿಯ ಮೇಲೆ ಕುಳಿತು
ಅಂಗೈಯನ್ನು ಎದೆಗೊತ್ತಿ
ಟೈಟಾಗ್ತಾ ಉಂಟು, ಎಂದ.
ಬಂದರು ನಕ್ಕಿತು.
ಹಗಲಿಗೇ ಶುರುವಾ?
ಒಬ್ಬ ಲಿಂಬೆ ಹಿಂಡಲು ಹೋದ.
ಟೈಟು, ಟೈಟು, ಎಂದ ಮತ್ತೆ.
ಅವನಲ್ಲಿ ಬೇರೆ ಪದ ಇರಲಿಲ್ಲ.
ಇದ್ದ ಒಂದನ್ನು
ಹದಿನಾರು ವರ್ಷದ ಶನಿವಾರಗಳಿಗೆ ಖರ್ಚು ಮಾಡಿಬಿಟ್ಟಿದ್ದ.

ಬಂಗುಡೆ ಹೆಕ್ಕುತ್ತಿದ್ದ ಬೇಬಿಯಕ್ಕ ಬುಟ್ಟಿ ಬಿಟ್ಟು ಬಂದು
ಅವನ ಬಾಯಿಗೆ ಮೂಗಿಟ್ಟು ಮೂಸಿದಳು.
ಡೀಸೆಲು. ಬೆವರು. ಬೇರೇನೂ ಇಲ್ಲ.
ವಾಸನೆ ಇಲ್ಲ ಮಾರಾಯ್ರೆ, ವಾಸನೆಯೇ ಇಲ್ಲ,
ರಿಕ್ಷಾ ಕರೆಯಿರಿ! ಎಂದು ಅವಳು ಕೂಗಿದ್ದು
ಕೊಕ್ಕರೆಗಳನ್ನೆಲ್ಲ ಎಬ್ಬಿಸಿತಂತೆ.

ಮಣಿಪಾಲದಲ್ಲಿ ಚಿಕ್ಕ ಪ್ರಾಯದ ಡಾಕ್ಟರು ಬಗ್ಗಿ ಕೇಳಿದರು,
ಹತ್ತರಲ್ಲಿ ಎಷ್ಟು ಟೈಟು?
ಆ ಪದವನ್ನು ಅದರ ಅರ್ಥಕ್ಕೇ ಕೇಳಿದ
ಮೊದಲ ಮನುಷ್ಯ.
ಅಪ್ಪ ಮುಖದ ಮಾಸ್ಕು ಸರಿಸಿ
ಇನ್ನು ಕಾಲು ಸುತ್ತು ಬಾಕಿ ಉಂಟು, ಎಂದ.

ಮೂರು ವರ್ಷವಾಯಿತು. ಶನಿವಾರ ಬರುತ್ತದೆ, ಹೋಗುತ್ತದೆ.
ಅಂಗಿಗಳೆಲ್ಲ ಅಪ್ಪನಿಗಿಂತ ದೊಡ್ಡವು.
ಅಮ್ಮ ಹೊಲಿಗೆ ಬಿಚ್ಚಿ ಬದಿಗಳನ್ನು ಒಳಗೆ ಹಿಡಿಯುತ್ತಾಳೆ,
ಹೇಗುಂಟು? ಎಂದಷ್ಟೇ ಕೇಳುತ್ತಾಳೆ.
ಉಪ್ಪಿನಕಾಯಿ ಭರಣಿಗೂ ನಾವೀಗ ಬಿಗಿ ಎನ್ನುತ್ತೇವೆ.

ನಿನ್ನೆ ರಾತ್ರಿ ಅಪ್ಪ ಕನ್ನಡಿಗೆ ತೋಳೆತ್ತಿ
ನಾನು ಪೂರಾ ಲೂಸು ವಾರಿಜ, ಎಂದ.
ಅದು ಮದುವೆಯ ದಿನವೇ ಗೊತ್ತಿತ್ತು,
ಎಂದವಳಿಗೆ ನಗು ತಡೆಯಲಿಲ್ಲ,
ಬಾಯಲ್ಲಿದ್ದ ಗುಂಡುಸೂಜಿ ನಾಲ್ಕೂ ನೆಲಕ್ಕೆ.

ಟಾರ್ಚು ಹಿಡಿದು ಹುಡುಕುತ್ತಿದ್ದೇನೆ.
ಮೂರು ಸಿಕ್ಕಿವೆ.